ದೊಡ್ಡಬಳ್ಳಾಪುರ ರಸ್ತೆಯಲ್ಲಿ ಗಮ್‌ಬೂಟಿಗೆ ಶೇ 40 ರಿಯಾಯಿತಿ: ಯಾವುದು ತಗೊಳ್ಳೋದು?

ಯಲಹಂಕದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬೂಟಿನ ವಿಷಯ ಗೊತ್ತಿರುವವರು ದಯವಿಟ್ಟು ಓದಿ ಹೇಳಿ.

ನಾವಿರೋದು ಯಲಹಂಕ ನ್ಯೂಟೌನಿನಲ್ಲಿ. ಅಪ್ಪ ಅಮ್ಮ ದೊಡ್ಡಬಳ್ಳಾಪುರದ ಕಡೆ ಊರಲ್ಲೇ ಇದ್ದಾರೆ. ಹಸುಗಳಿವೆ, ರಾಗಿ ಹೊಲ ಇದೆ, ಬೋರ್‌ವೆಲ್ ಪಕ್ಕ ಸೀಮೆಹುಲ್ಲು ಹಾಕಿದ್ದಾರೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಹುಲ್ಲು ಕುಯ್ಯೋದು ಅಮ್ಮ ಮತ್ತು ಕೆಲಸಕ್ಕೆ ಬರುವ ಇಬ್ಬರು ಹೆಂಗಸರು. ಮಳೆ ಹಿಡಿದರೆ ಹುಲ್ಲಿನ ಬುಡದಲ್ಲಿ ಪಾದ ಮುಳುಗುವಷ್ಟು ಕೆಸರು. ಮೂವರೂ ಹವಾಯಿ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲೇ ಇಳಿಯುತ್ತಾರೆ. ಹೋದ ಮಳೆಗಾಲದಲ್ಲಿ ಅದೇ ಹುಲ್ಲಿನಲ್ಲಿ ಕೊಳಕುಮಂಡಲ ಹಾವು ಕಾಣಿಸಿಕೊಂಡಿತ್ತು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ.

ಊರಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಅಂಗಡಿ ಇದೆ. ಗೊಬ್ಬರ, ಬಿತ್ತನೆ ಬೀಜ, ಪೈಪು, ಟಾರ್ಪಾಲು, ಸ್ಪ್ರೇಯರು ಎಲ್ಲ ಮಾರುತ್ತಾರೆ. ಈಗ ಬಾಗಿಲಲ್ಲೇ ಮಳೆಗಾಲದ ಬೂಟುಗಳ ರಾಶಿ ಹಾಕಿದ್ದಾರೆ. ಎಲ್ಲಕ್ಕೂ ಶೇ 40 ರಿಯಾಯಿತಿ ಅಂತ ಬೋರ್ಡು. ಮೂರು ಥರ ಇದೆ.

ಕಪ್ಪು ಪಿವಿಸಿ ಗಮ್‌ಬೂಟು, ಮೊಣಕಾಲಿನವರೆಗೆ. ಎಂಆರ್‌ಪಿ 650, ಕೊಡೋದು 390ಕ್ಕೆ.

ಹಸಿರು ರಬ್ಬರ್ ಬೂಟು, ಒಳಗೆ ಬಟ್ಟೆಯ ಲೈನಿಂಗ್. ಎಂಆರ್‌ಪಿ 1,450, ಈಗ 870.

ಇನ್ನೊಂದು ಲೇಸ್ ಕಟ್ಟುವ ಬೂಟು, ಹರಡಿನ (ಪಾದದ ಗಂಟಿನ) ಮೇಲಿನವರೆಗೆ ಬರುತ್ತೆ. ನೀರು ಹೋಗಲ್ಲ ಅಂತ ಬಾಕ್ಸಿನ ಮೇಲೆ ಬರೆದಿದೆ. ಎಂಆರ್‌ಪಿ 2,999, ಈಗ 1,799. ನೋಡೋಕೆ ತುಂಬಾ ಚೆನ್ನಾಗಿದೆ. ನಮ್ಮ ಯಜಮಾನರಿಗೆ ಅದರ ಮೇಲೆ ಕಣ್ಣು, ಆಫೀಸಿಗೆ ಸ್ಕೂಟರಿನಲ್ಲಿ ಹೋಗೋಕೆ ಅಂತ.

ರಿಯಾಯಿತಿ ಮಾಲು ಒಮ್ಮೆ ಕೊಂಡರೆ ವಾಪಸ್ ತಗೊಳ್ಳಲ್ಲ ಅಂತ ಅಂಗಡಿಯವರು ಮೊದಲೇ ಹೇಳಿದ್ದಾರೆ. ಹಾಗಾಗಿ ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು ಅಂತ ತಿಳಿಸಿ.

ಮಧುರೆ ಕೆರೆ ಹಿಂದೆ

ಮೊದಲು ಯಾವ ಸೈಜು ಉಳಿದಿದೆ ಅಂತ ನೋಡಿ ಅಕ್ಕ. ಇಂಥ ರಾಶಿಯಲ್ಲಿ 7, 8, 9 ಮೊದಲ ವಾರವೇ ಖಾಲಿಯಾಗಿರುತ್ತೆ.

ಎಸ್‌ಜೆಪಿ ರಸ್ತೆ ಸೇಫ್ಟಿ

ನಾನು ಎಸ್‌ಜೆಪಿ ರಸ್ತೆಯಲ್ಲಿ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಹೆಲ್ಮೆಟ್ಟು, ಗ್ಲೌಸು, ಬೂಟು, ಇದೇ ನಮ್ಮ ವ್ಯಾಪಾರ. ನಿಮ್ಮ ಪ್ರಶ್ನೆಗೆ ನನ್ನ ಮೊದಲ ಮಾತು ಇದು: ಬೆಲೆ ಆಮೇಲೆ ನೋಡಿ, ಮೊದಲು ತಯಾರಾದ ತಿಂಗಳು ಮತ್ತು ವರ್ಷ ನೋಡಿ. ಪ್ಯಾಕೆಟ್ ಮಾಡಿದ ಮಾಲಿನ ಮೇಲೆ ಎಂಆರ್‌ಪಿ ಜೊತೆ ಅದನ್ನೂ ಹಾಕಲೇಬೇಕು. 2011ರ ನಿಯಮ ಹಾಗೆ ಹೇಳುತ್ತೆ. ಬಾಕ್ಸು ಕಳೆದುಹೋಗಿದ್ದರೆ ಬೂಟನ್ನು ತಿರುಗಿಸಿ ಸೋಲು, ಅಂದರೆ ಅಡಿಭಾಗ ನೋಡಿ. ಎಷ್ಟೋ ಬೂಟುಗಳ ಸೋಲಿನಲ್ಲಿ ಸಣ್ಣದೊಂದು ಗುಂಡು ಗುರುತು ಇರುತ್ತೆ. ಸುತ್ತ 1ರಿಂದ 12ರ ತನಕ ಅಂಕಿ, ಮಧ್ಯೆ ಬಾಣ, ಬಾಣದ ಎರಡೂ ಕಡೆ ವರ್ಷದ ಕೊನೆಯ ಎರಡು ಅಂಕಿ. ಬಾಣ ತೋರಿಸೋದು ಅಚ್ಚು ಹಾಕಿದ ತಿಂಗಳು.

ಇದು ಯಾಕೆ ಮುಖ್ಯ ಅಂದರೆ, ಬೂಟು ಹಾಕದೆ ಇಟ್ಟರೂ ಹಳೆಯದಾಗುತ್ತೆ. ಯಾವುದು ಹೇಗೆ ಹಾಳಾಗುತ್ತೆ ಅನ್ನೋದು ಬೇರೆ ಬೇರೆ.

ಪಿವಿಸಿ ಮೂಲತಃ ಗಟ್ಟಿ ಪ್ಲಾಸ್ಟಿಕ್ಕು, ನಮ್ಮ ಮನೆ ನಲ್ಲಿ ಪೈಪಿನ ಜಾತಿಯದೇ. ಅದು ಮೆತ್ತಗೆ ಆಗಲಿ ಅಂತ ಪ್ಲಾಸ್ಟಿಸೈಜರ್ ಸೇರಿಸುತ್ತಾರೆ. ವರ್ಷ ಕಳೆದ ಹಾಗೆ, ಅದರಲ್ಲೂ ಬಿಸಿಲಿಗೆ ಬಿದ್ದರೆ, ಅದು ನಿಧಾನಕ್ಕೆ ಹೊರಟುಹೋಗುತ್ತೆ. ಬೂಟು ಬಿರುಸಾಗುತ್ತೆ. ಪಾದ ಮಡಚುವ ಜಾಗದಲ್ಲೇ ಮೊದಲು ಬಿರುಕು ಬಿಡೋದು. ಅಂಗಡಿ ಬಾಗಿಲಲ್ಲಿ ಬಿಸಿಲಿಗೆ ನೇತುಹಾಕಿದ ಜೊತೆಯನ್ನು ಬಿಟ್ಟು, ಒಳಗಿನ ಗೋಣಿಚೀಲದಿಂದ ತೆಗೆಸಿ ನೋಡಿ.

ರಬ್ಬರಿಗೆ ಮಡಚಿ ಇಡೋದು ಶತ್ರು. ಬೂಟಿನ ಕೊಳವೆಯನ್ನು ಮಡಚಿ ಬಾಕ್ಸಿಗೆ ತುರುಕಿದ್ದರೆ ಆ ಮಡಿಕೆಯ ಸಾಲಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತೆ. ಎರಡೂ ಹೆಬ್ಬೆರಳಿಂದ ಆ ಜಾಗ ಎಳೆದು ಹಿಡಿದರೆ ಗೊತ್ತಾಗುತ್ತೆ. ಇನ್ನೊಂದು, ರಬ್ಬರಿನ ಮೇಲೆ ಬೂದಿ ಥರ ಬಿಳಿ ಪುಡಿ ಕಂಡರೆ ಬೂಷ್ಟು ಅಂದುಕೊಂಡು ಬಿಟ್ಟು ಬರಬೇಡಿ. ರಬ್ಬರಿನ ಒಳಗಿನ ಮೇಣ, ಗಂಧಕ ಮೇಲಕ್ಕೆ ಬರೋದು ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಎಷ್ಟೋ ಅಂಗಡಿಯಲ್ಲಿ ಒಳ್ಳೆ ರಬ್ಬರ್ ಬೂಟು ಇದೇ ಕಾರಣಕ್ಕೆ ಮಾರಾಟ ಆಗದೆ ರಿಯಾಯಿತಿಗೆ ಬರುತ್ತೆ.

ಲೇಸ್ ಬೂಟಿನ ಸೋಲು ಪಿಯು ಆಗಿದ್ದರೆ ಹುಷಾರು. ಪಿಯು ಅಂದರೆ ಪಾಲಿಯೂರಿಥೇನ್. ಹಗುರ, ಮೆತ್ತಗೆ, ನಡೆಯೋಕೆ ಸುಖ. ಆದರೆ ಗಾಳಿಯ ತೇವ ಅದನ್ನು ಒಳಗಿನಿಂದ ತಿನ್ನುತ್ತೆ. ಕೆಲವು ವರ್ಷ ಬಾಕ್ಸಿನಲ್ಲೇ ಇದ್ದ ಹೊಸ ಬೂಟು ಹಾಕಿಕೊಂಡು ಹೊರಟರೆ ದಾರಿಯಲ್ಲೇ ಸೋಲು ಪುಡಿಪುಡಿಯಾಗಿ ಉದುರುತ್ತೆ. ಅದಕ್ಕೆ ರಿಪೇರಿ ಇಲ್ಲ.

ಐಎಸ್‌ಐ ಗುರುತನ್ನೂ ನೋಡಿ. ಪಿವಿಸಿ ಬೂಟಿಗೆ ಐಎಸ್ 12254, ರಬ್ಬರ್ ಬೂಟಿಗೆ ಐಎಸ್ 5557. ಗುರುತಿನ ಜೊತೆ ಸಿಎಂ/ಎಲ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸು ಯಾರದ್ದು, ಚಾಲ್ತಿಯಲ್ಲಿ ಇದೆಯಾ ಅಂತ ಬರುತ್ತೆ. ಅಂಗಡಿಯಲ್ಲೇ ನಿಂತು ನೋಡಬಹುದು.

ಲೆಕ್ಕದ ಪುಸ್ತಕ

ಬೆಲೆ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ಚಪ್ಪಲಿ, ಬೂಟಿಗೆ ಜಿಎಸ್‌ಟಿ ಶೇ 5 ಆಗಿದೆ. ಅದಕ್ಕೂ ಮುಂಚೆ 1,000ದೊಳಗೆ ಶೇ 12, ಅದರ ಮೇಲೆ ಶೇ 18 ಇತ್ತು. ನಿಮ್ಮ ಹಸಿರು ಬೂಟಿನ 1,450 ಹಳೇ ಎಂಆರ್‌ಪಿ ಆಗಿದ್ದರೆ, ತೆರಿಗೆ ಇಳಿದದ್ದರಿಂದಲೇ ಅದು ಸುಮಾರು 1,290ಕ್ಕೆ ಬರಬೇಕು. ಅಲ್ಲಿಂದ 870ಕ್ಕೆ ಅಂದರೆ ಅಂಗಡಿಯವರು ನಿಜವಾಗಿ ಬಿಟ್ಟಿರೋದು ಶೇ 33ರ ಹತ್ತಿರ. ಕಪ್ಪು ಬೂಟೂ ಹಳೇ ಎಂಆರ್‌ಪಿಯದ್ದಾದರೆ ಸುಮಾರು ಶೇ 36. ಆಗಲೂ ಇದು ಒಳ್ಳೆಯ ರಿಯಾಯಿತಿಯೇ. ಆದರೆ 40 ಅಂತ ಬೋರ್ಡು ನೋಡಿ ಆತುರ ಪಡಬೇಡಿ.

ಎಂಆರ್‌ಪಿ ಮೇಲೆ ಸ್ಟಿಕರ್ ಅಂಟಿಸಿದ್ದರೆ ಬೆರಳಿಂದ ತಡವಿ ನೋಡಿ. ಬೆಲೆ ಇಳಿಸೋಕೆ ಸ್ಟಿಕರ್ ಹಾಕಬಹುದು, ಆದರೆ ಕಂಪನಿ ಅಚ್ಚು ಹಾಕಿದ ಹಳೇ ಬೆಲೆಯನ್ನು ಮುಚ್ಚಬಾರದು. ಬೆಲೆ ಏರಿಸೋಕಂತೂ ಸ್ಟಿಕರ್ ಹಾಕುವ ಹಾಗೇ ಇಲ್ಲ. ವಾಪಸ್ ತಗೊಳ್ಳಲ್ಲ ಅಂದರೂ ಬಿಲ್ಲು ಕೇಳಿ ಪಡೆಯಿರಿ. ರಿಯಾಯಿತಿ ಮಾಲಾದರೂ ಒಳಗೇ ದೋಷ ಇದ್ದರೆ ಕೇಳುವ ಹಕ್ಕು ನಿಮಗಿದೆ. ಗ್ರಾಹಕರ ಸಹಾಯವಾಣಿ 1915.

ತೀರ್ಥಹಳ್ಳಿ ತೋಟ

ನಾನು ಈಗ ಬಸವೇಶ್ವರನಗರದಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ಗಮ್‌ಬೂಟು ಇಲ್ಲದೆ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವುದೇ ಇಲ್ಲ. ಆರಿದ್ರೆ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಆ ಹೊತ್ತಿಗೆ ಅಡಿಕೆ ತೋಟದ ಕಪ್ಪಿನಲ್ಲಿ (ನೀರು ಹೋಗುವ ಕಾಲುವೆಯಲ್ಲಿ) ನೀರು ನಿಂತಿರುತ್ತೆ, ದರಕಿನ (ಉದುರಿದ ಎಲೆಯ) ತುಂಬ ಇಂಬಳ, ಅಂದರೆ ಜಿಗಣೆ. ಬೂಟು ಇದ್ದರೆ ಇಂಬಳ ಮೊಣಕಾಲ ಹತ್ತಿರದವರೆಗೆ ಹತ್ತೋಕೆ ಹೊತ್ತು ಬೇಕು, ಅಷ್ಟರಲ್ಲಿ ಕಣ್ಣಿಗೆ ಬೀಳುತ್ತೆ. ಬೂಟಿನ ಬಾಯಿಗೆ ಉಪ್ಪು, ಹೊಗೆಸೊಪ್ಪಿನ ನೀರು ಸವರುವವರೂ ಇದ್ದಾರೆ.

ನಿಮ್ಮ ಕಡೆ ದ್ರಾಕ್ಷಿ ತೋಟ ಜಾಸ್ತಿ, ಬೋರ್ಡೋ ದ್ರಾವಣ ಹೊಡೆಯುವವರು ಇರ್ತಾರೆ. ಅವರಿಗೂ ಉಪಯೋಗ ಆಗಲಿ ಅಂತ ಇದು. ನಮ್ಮಲ್ಲಿ ಕೊಳೆರೋಗಕ್ಕೆ ಅದನ್ನೇ ಹೊಡೆಯೋದು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ತಾಮ್ರ ಇದೆ. ತಾಮ್ರ ತಗುಲಿದರೆ ರಬ್ಬರು ಬೇಗ ಕೆಡುತ್ತೆ, ಮೊದಲು ಅಂಟು ಬರುತ್ತೆ, ಆಮೇಲೆ ಬಿರಿಯುತ್ತೆ. ಅದಕ್ಕೇ ಔಷಧಿ ಹೊಡೆಯುವವರಿಗೆ ಪಿವಿಸಿ ಬೂಟು, ಕಳೆ ತೆಗೆಯುವವರಿಗೆ ಹುಲ್ಲು ಕುಯ್ಯುವವರಿಗೆ ರಬ್ಬರ್ ಬೂಟು ಅಂತ ನಮ್ಮ ಮನೆಯಲ್ಲಿ ಬೇರೆ ಬೇರೆ ಮಾಡಿದ್ದೇವೆ. ಡೀಸೆಲ್, ಎಂಜಿನ್ ಆಯಿಲ್ ಕೂಡ ರಬ್ಬರಿಗೆ ಆಗಿಬರಲ್ಲ. ಪಂಪ್‌ಸೆಟ್ ಹತ್ತಿರ ಚೆಲ್ಲಿದ್ದರೆ ತುಳಿಯಬೇಡಿ ಅಂತ ಹೇಳಿ.

ಒಣಗಿಸುವುದೂ ಒಂದು ಕೆಲಸವೇ. ಸಂಜೆ ಕೆಸರು ತೊಳೆದು, ಕೊಟ್ಟಿಗೆ ಗೋಡೆಗೆ ಗೂಟ ಹೊಡೆದು ತಲೆಕೆಳಗಾಗಿ ಸಿಕ್ಕಿಸಬೇಕು. ಬಿಸಿಲಿಗೆ ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಒಳಗೆ ಒದ್ದೆ ಇದ್ದರೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ. ಬೆಳಗ್ಗೆ ಕಾಲು ಹಾಕುವ ಮುಂಚೆ ಕಡ್ಡಾಯವಾಗಿ ಬೂಟನ್ನು ಬೋರಲು ಮಾಡಿ ನೆಲಕ್ಕೆ ಕುಟ್ಟಬೇಕು. ಚೇಳು, ಕಪ್ಪೆ, ಒಮ್ಮೊಮ್ಮೆ ಹಾವಿನ ಮರಿ ಒಳಗೆ ಸೇರಿಕೊಂಡಿರುತ್ತೆ.

ಹೊಲದಲ್ಲೇ ಹುಟ್ಟಿದವ

ಇಷ್ಟೆಲ್ಲ ಮಾತಾಡ್ತೀರ, ನಮ್ಮೂರಲ್ಲಿ ತಂದುಕೊಟ್ಟರೂ ಹೆಂಗಸರು ಹಾಕಲ್ಲ. ಭಾರ ಅಂತಾರೆ, ಸೆಕೆ ಅಂತಾರೆ, ಕೆಸರಲ್ಲಿ ಕಾಲು ಕೀಳೋಕೆ ಆಗಲ್ಲ ಅಂತಾರೆ. ಎರಡು ದಿನ ಹಾಕಿ ಮೂಲೆಗೆ ಎಸೀತಾರೆ. ದುಡ್ಡು ಯಾಕೆ ಹಾಳು ಮಾಡ್ಕೊಳ್ತೀರ?

ಮಾಲೂರಿನ ಸೊಸೆ

ಅಣ್ಣ, ನೀವು ತಂದುಕೊಟ್ಟ ಬೂಟಿನ ಸೈಜು ಎಷ್ಟಿತ್ತು ಅಂತ ನೆನಪಿದೆಯಾ?

ನಾನು ಹೊಲದಲ್ಲಿ ಕೆಲಸ ಮಾಡುವವಳು. ಟೊಮೆಟೊ, ಕ್ಯಾರೆಟ್ ಬೆಳೆಯುತ್ತೇವೆ. ನಮ್ಮಂಥವರ ಕಾಲು 4, 5, ಜಾಸ್ತಿ ಅಂದರೆ 6. ಅಂಗಡಿಯಲ್ಲಿ ಸಿಗೋದು 7ರಿಂದ ಮೇಲೆ. ಮನೆಯವರು ತಮ್ಮ ಅಳತೆಗೆ ಒಂದು ಜೊತೆ ತಂದು, ಇದನ್ನೇ ನೀನೂ ಹಾಕಿಕೋ ಅಂತಾರೆ. 8ರ ಬೂಟಿನಲ್ಲಿ 4ರ ಕಾಲು ಇಟ್ಟರೆ ಹಿಮ್ಮಡಿ ಒಳಗೇ ಮೇಲಕ್ಕೆ ಕೆಳಕ್ಕೆ ಜಾರುತ್ತೆ. ಕೆಸರು ಬೂಟನ್ನು ಹಿಡಿದುಕೊಳ್ಳುತ್ತೆ, ಕಾಲು ಮಾತ್ರ ಹೊರಗೆ ಬರುತ್ತೆ. ಸಂಜೆ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ. ಅಂಥ ಬೂಟನ್ನು ಯಾರು ಹಾಕ್ತಾರೆ ಹೇಳಿ. ಭಾರ ಅನ್ನಿಸೋದೂ ಅದಕ್ಕೇ. ಕಾಲಿಗೆ ಸರಿಯಾಗಿ ಕೂತ ಬೂಟು ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತೆ.

ಮೇಲ್ಗಡೆ ಬಾಯಿಯ ಅಗಲವನ್ನೂ ನೋಡಬೇಕು. ತೀರಾ ಅಗಲ ಇದ್ದರೆ ಹುಲ್ಲಿನ ನೀರು, ರವದಿ ಎಲ್ಲ ಒಳಗೆ ಬೀಳುತ್ತೆ. ತೀರಾ ಬಿಗಿ ಇದ್ದರೆ ಕೂತು ಕಳೆ ಕೀಳುವಾಗ ಮಂಡಿಯ ಹಿಂದೆ ಒತ್ತುತ್ತೆ. ಕೂತು ಮಾಡುವ ಕೆಲಸಕ್ಕೆ ಮೀನಖಂಡದ ಅರ್ಧಕ್ಕೆ ಬರುವ ಬೂಟೇ ವಾಸಿ. ಸೀರೆ ಎತ್ತಿ ಸಿಕ್ಕಿಸಿಕೊಂಡರೆ ಏನೂ ತೊಂದರೆ ಆಗಲ್ಲ. ನಾನು ಒಳಗೊಂದು ಹಳೇ ಲೆಗ್ಗಿಂಗ್ಸ್ ಹಾಕ್ತೀನಿ.

ಯಲಹಂಕದ ಅಕ್ಕ, ಅಮ್ಮನ ಮತ್ತು ಆ ಇಬ್ಬರ ಪಾದವನ್ನು ಪೇಪರ್ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಹೋಗಿ. ಸಂಜೆ ಅಳತೆ ತಗೊಳ್ಳಿ, ಕೆಲಸ ಮಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತೆ. ಆ ಪೇಪರನ್ನು ಕತ್ತರಿಸಿ ಬೂಟಿನ ಒಳಗೆ ಹಾಸಿ ನೋಡಿ. ಬೆರಳ ತುದಿಗೆ ಸ್ವಲ್ಪ ಜಾಗ ಇರಬೇಕು, ಕಾಲುಚೀಲಕ್ಕೆ ಬೇಕಲ್ಲ.

ಹೊಲದಲ್ಲೇ ಹುಟ್ಟಿದವ

ನೀವು ಹೇಳೋದು ನಿಜ ತಂಗಿ. ನಾವು ತಂದಿದ್ದು 8. ಎಲ್ಲರಿಗೂ ಅದೇ ತಂದಿದ್ವಿ. ಸಣ್ಣ ಸೈಜು ಸಿಕ್ಕರೆ ಈ ಸಲ ನೋಡ್ತೀನಿ.

ಸರ್ಕಾರಿ ಆಸ್ಪತ್ರೆ ಸಿಸ್ಟರ್

ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್ ನಾನು. ಮಳೆಗಾಲದಲ್ಲಿ ನಮ್ಮ ಹತ್ತಿರ ಬರುವ ಕಾಲುಗಳನ್ನು ನೋಡಿ ಹೇಳ್ತಿದ್ದೇನೆ, ದಯವಿಟ್ಟು ಬೂಟು ಕೊಡಿಸಿ.

ಮೊದಲನೆಯದು ಕೆಸರುಹುಣ್ಣು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆಂದು, ಸೀಳಿ, ಹುಣ್ಣಾಗುತ್ತೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಆ ಸೀಳಿನಿಂದಲೇ ಸೋಂಕು ಮೇಲೆ ಹತ್ತುತ್ತೆ.

ಎರಡನೆಯದು ಇಲಿಜ್ವರ. ಇಲಿಯ ಮೂತ್ರ ಸೇರಿದ ನೀರಿನಲ್ಲಿ, ಕೆಸರಿನಲ್ಲಿ ಈ ರೋಗಾಣು ಇರುತ್ತೆ. ಹಸು ಎಮ್ಮೆಗಳ ಮೂತ್ರದಲ್ಲೂ ಬರಬಹುದು. ಕಾಲಿನ ಸಣ್ಣ ಗಾಯ, ಒಡೆದ ಹಿಮ್ಮಡಿ ಇದ್ದರೆ ಸಾಕು, ಒಳಗೆ ಹೋಗುತ್ತೆ. ಜೋರು ಜ್ವರ, ಮೈಕೈ ನೋವು, ಅದರಲ್ಲೂ ಮೀನಖಂಡ ಹಿಡಿದ ಹಾಗೆ ನೋವು, ಕಣ್ಣು ಕೆಂಪಗೆ ಆಗೋದು ಇದರ ಲಕ್ಷಣ. ಕೆಸರಲ್ಲಿ ಕೆಲಸ ಮಾಡಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಆ ವಿಷಯ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತೆ. ತಡವಾದರೆ ಕಿಡ್ನಿ, ಲಿವರ್ ತನಕ ಹೋಗುತ್ತೆ. ಕೊಟ್ಟಿಗೆ ತೊಳೆಯುವಾಗಲೂ ಬೂಟು ಬೇಕು ಅನ್ನೋದು ಇದಕ್ಕೇ.

ಮೂರನೆಯದು ಹಾವು. ದೇಶದಲ್ಲಿ 2000ದಿಂದ 2019ರ ತನಕ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜು. ಅದರಲ್ಲಿ ಸುಮಾರು ಅರ್ಧ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಕಚ್ಚೋದು ಹೆಚ್ಚಾಗಿ ಪಾದಕ್ಕೆ, ಹರಡಿಗೆ, ಮೊಣಕಾಲ ಕೆಳಗೆ. ದಪ್ಪ ಗಮ್‌ಬೂಟು ಆ ಜಾಗವನ್ನೇ ಮುಚ್ಚುತ್ತೆ. ಪೂರ್ತಿ ರಕ್ಷಣೆ ಅಂತ ಹೇಳಲ್ಲ, ಆದರೆ ಬರಿಗಾಲಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಹುಲ್ಲು ಕುಯ್ಯುವಾಗ ಕೈಗೂ ಅಪಾಯ ಇದೆ ಅನ್ನೋದು ಮರೀಬೇಡಿ. ಕೋಲಿನಿಂದ ಬುಡ ತಟ್ಟಿ ಆಮೇಲೆ ಕೈ ಹಾಕಲಿ. ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಬನ್ನಿ.

ಬೂಟು ಹಾಕಿದ ಮೇಲೆ ಬೆವರಿನಿಂದಲೂ ಕಾಲು ನೆನೆಯುತ್ತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬೂಟು ಬಿಚ್ಚಿ ಕಾಲಿಗೆ ಗಾಳಿಯಾಡಲಿ. ಕಾಲುಚೀಲ ಎರಡು ಜೊತೆ ಇರಲಿ.

ಹೆಬ್ಬಾಳ ಫ್ಲೈಓವರ್

ಯಜಮಾನರ ಲೇಸ್ ಬೂಟಿಗೆ ಬರ್ತೀನಿ. ದಿನಾ ಬೈಕಿನಲ್ಲಿ ಓಡಾಡುವವನು ನಾನು. ಆ ಬೂಟು ಹರಡಿನ ಮೇಲೆ ಮುಗಿಯುತ್ತೆ. ಸುರಿಯೋ ಮಳೆಯಲ್ಲಿ ಸ್ಕೂಟರ್ ಓಡಿಸಿದರೆ ಪ್ಯಾಂಟಿನ ಮೇಲಿಂದ ಇಳಿಯುವ ನೀರು ನೇರವಾಗಿ ಬೂಟಿನ ಬಾಯಿಗೇ ಹೋಗುತ್ತೆ. ಹೊರಗಿಂದ ನೀರು ಬರದ ಬೂಟಿಗೆ ಒಳಗಿಂದ ನೀರು ಹೊರಗೆ ಹೋಗೋಕೂ ದಾರಿ ಇಲ್ಲ. ರೇನ್‌ಕೋಟಿನ ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಟ್ಟರೆ ಮಾತ್ರ ಉಪಯೋಗ.

ಗೋರ್‌ಟೆಕ್ಸ್ ಥರದ ಪದರ ಇರುವ ದುಬಾರಿ ಬೂಟುಗಳಲ್ಲಿ ಬೆವರಿನ ಆವಿ ಹೊರಗೆ ಹೋಗುತ್ತೆ. ಆದರೆ ಹೊರಗಿನ ಗಾಳಿಯೂ ಬೆಚ್ಚಗೆ ತೇವವಾಗಿದ್ದರೆ ಅದು ಅಷ್ಟಾಗಿ ನಡೆಯಲ್ಲ. ಚಳಿ ದೇಶಕ್ಕೆ ಅದು ಸರಿ. 1,799ರ ಬೂಟಿನಲ್ಲಿ ಅಂಥ ಪದರ ನಿರೀಕ್ಷೆ ಮಾಡಬೇಡಿ. ಹೊಲಿಗೆ ಇರುವ ಬೂಟಿನಲ್ಲಿ ನೀರು ನುಗ್ಗೋದು ಹೊಲಿಗೆಯ ತೂತಿನಿಂದ. ಒಳಗಿಂದ ಟೇಪ್ ಹಾಕಿದ್ದಾರಾ, ನಾಲಿಗೆ ಎರಡೂ ಪಕ್ಕಕ್ಕೆ ಸೇರಿಕೊಂಡಿದೆಯಾ ಅಂತ ಕೈ ಹಾಕಿ ನೋಡಿ.

ಆಫೀಸಿಗೆ ಹೋಗುವವರಿಗೆ ಮಾಮೂಲಿ ಶೂ ಬ್ಯಾಗಿನಲ್ಲಿ ಇಟ್ಟುಕೊಂಡು, ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಿಕೊಂಡು ಹೋಗೋದೇ ಸುಲಭ. ಗಮ್‌ಬೂಟು ಹಾಕಿ ಗೇರ್ ಬೈಕ್ ಓಡಿಸಬೇಡಿ. ಗೇರ್, ಬ್ರೇಕ್ ಎರಡೂ ಕಾಲಿಗೆ ಗೊತ್ತಾಗಲ್ಲ.

ರಾಜಕಾಲುವೆ ಪಕ್ಕದ ಮನೆ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ಎಲ್ಲರಿಗೂ ನೆನಪಿದೆ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟಿಗೆ ನೀರು ನುಗ್ಗಿತ್ತು. ಅದಾದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಗಮ್‌ಬೂಟು ಬಂದಿದೆ. ಒಂದು ಎಚ್ಚರಿಕೆ. ಬೂಟು ಇದೆ ಅಂತ ಹರಿಯುವ ನೀರಿಗೆ ಇಳಿಯಬೇಡಿ. ನೀರು ಬೂಟಿನ ಬಾಯಿ ದಾಟಿದರೆ ಒಳಗೆ ತುಂಬಿಕೊಂಡು ಕಾಲು ಎತ್ತೋಕೇ ಆಗಲ್ಲ. ಕೆಳಗೆ ಮ್ಯಾನ್‌ಹೋಲ್ ಮುಚ್ಚಳ ಇದೆಯೋ ಇಲ್ಲವೋ ಮೇಲಿಂದ ಕಾಣಲ್ಲ.

ಲೈನ್‌ಮನ್ ಮಗ

ಇದಕ್ಕೆ ನಾನೊಂದು ಸೇರಿಸ್ತೀನಿ. ರಬ್ಬರ್ ಬೂಟು ಹಾಕಿದರೆ ಕರೆಂಟು ಹೊಡೆಯಲ್ಲ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಅದನ್ನು ನಂಬಿ ನೀರಿಗೆ ಇಳಿಯಬೇಡಿ. ಕರೆಂಟಿನ ಕೆಲಸಕ್ಕೆ ಬೇರೆಯೇ ಬೂಟು ಇದೆ, ಅದನ್ನು ವೋಲ್ಟೇಜಿಗೆ ಪರೀಕ್ಷೆ ಮಾಡಿರುತ್ತಾರೆ. ಮಾಮೂಲಿ ಗಮ್‌ಬೂಟು ಹಾಗಲ್ಲ. ಒಳಗೆ ಒದ್ದೆ ಇದ್ದರೆ, ಸಣ್ಣ ತೂತು ಇದ್ದರೆ ಮುಗೀತು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡಿನ ಹೋಪ್‌ಫಾರ್ಮ್ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಮಗು ಇಬ್ಬರೂ ಹೋದರು. ತಂತಿ ಬಿದ್ದಿದ್ದರೆ ದೂರ ನಿಂತು ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬೇಸ್‌ಮೆಂಟಿಗೆ ನೀರು ನುಗ್ಗಿದ್ದರೆ ಮೇನ್ ಸ್ವಿಚ್ ಆಫ್ ಆಗುವ ತನಕ ಯಾರೂ ಇಳಿಯಬಾರದು. ಊರಲ್ಲಿ ಬೋರ್‌ವೆಲ್ ಸ್ಟಾರ್ಟರ್ ಹತ್ತಿರವೂ ಇದೇ ಮಾತು.

ಯಲಹಂಕದ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊರಿಗೆ ಹೋಗುವಾಗ ಅಂಗಡಿಯಲ್ಲಿ ನಿಂತು ಎಲ್ಲ ನೋಡಿದೆ.

ಕಪ್ಪು ಪಿವಿಸಿ: ತಯಾರಾದದ್ದು 2025ರ ಜೂನ್. ಐಎಸ್‌ಐ ಗುರುತಿದೆ, ನಂಬರ್ ಆ್ಯಪಿನಲ್ಲಿ ಬಂತು. ಉಳಿದಿರೋದು 6ರಿಂದ 10.

ಹಸಿರು ರಬ್ಬರ್: 2023ರದ್ದು. ಇದಕ್ಕೂ ಗುರುತಿದೆ. ಮೈಮೇಲೆಲ್ಲ ಬಿಳಿ ಪುಡಿ ಇತ್ತು, ಒದ್ದೆ ಕರ್ಚೀಫಿನಲ್ಲಿ ಒರೆಸಿದರೆ ಹೋಯಿತು, ಕೆಳಗೆ ಹೊಳೆಯುವ ಹಸಿರು. ಉಳಿದಿರೋದು 4, 5 ಮತ್ತು 11 ಮಾತ್ರ. ಸಣ್ಣ ಸೈಜನ್ನು ಯಾರೂ ಕೇಳಲ್ಲ, ಗಂಡಸರು ಬಂದು ಕಾಲಿಗೆ ಆಗಲ್ಲ ಅಂತ ಹೋಗ್ತಾರೆ ಅಂತ ಅಂಗಡಿಯವರು ಹೇಳಿದರು. ಅಮ್ಮನ ಪೇಪರ್ 4ಕ್ಕೆ ಸರಿಹೋಯಿತು. ಉಳಿದ ಇಬ್ಬರದ್ದು ಒಬ್ಬರದು 4, ಒಬ್ಬರದು 5.

ಲೇಸ್ ಬೂಟು: ಬಾಕ್ಸಿನ ಮೇಲೆ ದಿನಾಂಕ ಇರುವ ಚೀಟಿ ಹರಿದುಹೋಗಿದೆ. ಸೋಲಿನ ಗುಂಡು ಗುರುತಿನಲ್ಲಿ 19 ಅಂತ ಇದೆ. ಸೋಲಿನ ಅಂಚನ್ನು ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು, ಸ್ವಲ್ಪ ಪುಡಿಯೂ ಕೈಗೆ ಬಂತು.

ಹಸಿರು 2023ರದ್ದು ಅನ್ನೋದೊಂದು ಅಳುಕು. ತಗೊಳ್ಳಲಾ?

ಎಸ್‌ಜೆಪಿ ರಸ್ತೆ ಸೇಫ್ಟಿ

ಲೇಸ್ ಬೂಟು ಬಿಟ್ಟುಬಿಡಿ. 2019ರ ಪಿಯು ಸೋಲು ಅದು, ಪುಡಿ ಕೈಗೆ ಬಂದಿದೆ ಅಂದರೆ ಆಗಲೇ ಹೋಗಿದೆ. 1,799 ಅಲ್ಲ, 179ಕ್ಕೆ ಕೊಟ್ಟರೂ ಬೇಡ.

ಹಸಿರು ರಬ್ಬರ್ 2023ರದ್ದಾದರೂ ನೆರಳಿನಲ್ಲಿ ನೇರವಾಗಿ ನಿಲ್ಲಿಸಿ ಇಟ್ಟಿದ್ದರೆ ಭಯ ಇಲ್ಲ. ಬಿಳಿ ಪುಡಿ ಇತ್ತು ಅನ್ನೋದು ಅದು ರಬ್ಬರೇ ಅನ್ನೋದಕ್ಕೂ ಒಂದು ಸುಳಿವು. ಒಂದೊಂದೇ ಬೂಟು ಕೈಗೆ ತಗೊಳ್ಳಿ. ಪಾದದ ಮಧ್ಯೆ ಪೂರ್ತಿ ಬಗ್ಗಿಸಿ, ಹೊರಮೈಯಲ್ಲಿ ಬಿರುಕು ಬರುತ್ತಾ ನೋಡಿ. ಸೋಲು ಮತ್ತು ಮೇಲ್ಭಾಗ ಸೇರುವ ಕಡೆ ಸುತ್ತಲೂ ಉಗುರು ಆಡಿಸಿ, ಎಲ್ಲೂ ಪದರ ಎದ್ದಿರಬಾರದು. ಆಮೇಲೆ ಅಂಗಡಿಯವರನ್ನು ಕೇಳಿ ಬೂಟನ್ನು ಹರಡಿನ ಮಟ್ಟದವರೆಗೆ ಬಕೆಟ್ ನೀರಿನಲ್ಲಿ ಅದ್ದಿ, ಕೈಯಿಂದ ಒತ್ತಿ ಹಿಡಿಯಿರಿ. ಒಳಗೆ ಕೈ ಹಾಕಿದರೆ ಲೈನಿಂಗ್ ಒಣಗೇ ಇರಬೇಕು. ಬಕೆಟ್ ಕೊಡಲ್ಲ ಅಂದರೆ ಬೂಟೂ ಬೇಡ.

ಅಪ್ಪನಿಗೆ ಮತ್ತು ಕೊಟ್ಟಿಗೆ ಕೆಲಸಕ್ಕೆ ಕಪ್ಪು ಪಿವಿಸಿ ಸಾಕು. 390ಕ್ಕಿಂತ ಕಡಿಮೆಗೆ ನಮ್ಮ ಅಂಗಡಿಯಲ್ಲೂ ಸಿಗಲ್ಲ. ಒದ್ದೆ ಗಾರೆ ನೆಲದಲ್ಲಿ ಪಿವಿಸಿ ಸೋಲು ರಬ್ಬರಿಗಿಂತ ಜಾಸ್ತಿ ಜಾರುತ್ತೆ. ಕೊಟ್ಟಿಗೆ ನೆಲ ನುಣ್ಣಗಿದ್ದರೆ ಸೋಲಿನಲ್ಲಿ ಆಳವಾದ ಗೆರೆ ಇರುವುದನ್ನೇ ಆರಿಸಿ. ಮುಂದೆ ತೂತಾದರೆ ರಬ್ಬರಿಗೆ ಸೈಕಲ್ ಪಂಕ್ಚರ್ ಪ್ಯಾಚು, ಸೊಲ್ಯೂಷನ್ ಹಾಕಿ ಅಂಟಿಸಬಹುದು. ಪಿವಿಸಿಗೆ ಅದು ನಿಲ್ಲಲ್ಲ, ಪಿವಿಸಿಗೇ ಅಂತ ಬರುವ ಮೆತ್ತನೆ ಗಮ್ಮು ಬೇಕು. ಫೆವಿಕ್ವಿಕ್ ಹಾಕಿದರೆ ಒಣಗಿ ಗಟ್ಟಿಯಾಗಿ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತೆ.

ಮಾಲೂರಿನ ಸೊಸೆ

ಅಕ್ಕ, 4 ಮತ್ತು 5 ಇನ್ನೂ ಉಳಿದಿದ್ದರೆ ಎಷ್ಟು ಜೊತೆ ಇದೆ ಅಂತ ಕೇಳಿ ಹೇಳ್ತೀರಾ? ನಮ್ಮ ಕಡೆ ಆ ಸೈಜು ಹುಡುಕಿದರೂ ಸಿಗಲ್ಲ.

ಯಲಹಂಕದ ಅಕ್ಕ

ತಗೊಂಡೆ. ಹಸಿರು ಮೂರು ಜೊತೆ, ಅಪ್ಪನಿಗೆ ಕಪ್ಪು 8 ಒಂದು ಜೊತೆ. ಬಕೆಟ್ ಅಂಗಡಿಯವರೇ ತಂದುಕೊಟ್ಟರು, ಅವರ ಕೆಲಸದ ಹುಡುಗ ನೀರಲ್ಲಿ ಒತ್ತಿ ಹಿಡಿದ. ಒಂದು ಎಡಗಾಲಿನ ಬೂಟಿನಲ್ಲಿ ಹಿಮ್ಮಡಿ ಹತ್ತಿರ ತೇವ ಬಂತು, ಅದನ್ನು ಬದಲಾಯಿಸಿ ಬೇರೆ ಜೊತೆ ಕೊಟ್ಟರು. ಬಿಲ್ಲು ಕೊಟ್ಟಿದ್ದಾರೆ. ಬೂಟಿನ ಒಳಗೆ ಮೂವರ ಹೆಸರನ್ನೂ ಮಾರ್ಕರಿನಲ್ಲಿ ಬರೆದಿದ್ದೇನೆ, ಬೇರೆ ಯಾರೂ ಹಾಕಿಕೊಂಡು ಹೋಗಬಾರದು ಅಂತ. ಕಾಲುಚೀಲ ಎರಡೆರಡು ಜೊತೆ ತಂದಿದ್ದೇನೆ. ಯಜಮಾನರಿಗೆ ಪಟ್ಟಿ ಇರುವ ಸ್ಯಾಂಡಲ್.

ಮಾಲೂರಿನ ತಂಗಿ, 4 ಇನ್ನು ಎರಡು ಜೊತೆ ಇದೆ, 5 ನಾಲ್ಕು ಜೊತೆ. ಭಾನುವಾರ ಮತ್ತೆ ಊರಿಗೆ ಹೋಗ್ತೀನಿ. ನಿಮ್ಮ ಪಾದದ ಅಳತೆ ಸೆಂಟಿಮೀಟರಿನಲ್ಲಿ ಕಳಿಸಿ, ನೋಡಿ ತರ್ತೀನಿ. ಯಲಹಂಕಕ್ಕೆ ಬಂದಾಗ ತಗೊಂಡು ಹೋಗಿ.

ಹೊಲದಲ್ಲೇ ಹುಟ್ಟಿದವ

5 ಎರಡು ಜೊತೆ ನನಗೂ ತೆಗೆದಿಡಿಸಿ ಅಕ್ಕ. ನಾಳೆ ನಾನೇ ಆ ರಸ್ತೆಯಲ್ಲಿ ಬರ್ತಿದ್ದೀನಿ. ಅಂಗಡಿ ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ?

ಯಲಹಂಕದ ಅಕ್ಕ

ರಾತ್ರಿ 8ಕ್ಕೆ ಅಣ್ಣ. ಮನೆಯವರ ಅಳತೆ ಪೇಪರಿನಲ್ಲಿ ಬರೆದುಕೊಂಡು ಬನ್ನಿ.